ಹಂಡೆ ಮೊದಲು, ಹಂಚು ಕೊನೆಗೆ

(ಬಸವಕಲ್ಯಾಣದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಇಂಧನ ನೀತಿ ಎಂದಾಕ್ಷಣ ನಮ್ಮಲ್ಲಿ ಮಾತು ಕರೆಂಟಿನ ಕಡೆ ಓಡುತ್ತದೆ. ಪಾವಗಡದ ಸೋಲಾರ್ ಪಾರ್ಕು, ಶಕ್ತಿನಗರದ ಕಲ್ಲಿದ್ದಲು, ಜೆಸ್ಕಾಂ ಬಿಲ್ಲು, ಹೊಲದ ಮೋಟಾರಿಗೆ ಏಳು ತಾಸೋ ಐದು ತಾಸೋ ಎಂಬ ಜಗಳ. ಇವತ್ತು ನಾನು ಅದನ್ನು ಸ್ವಲ್ಪ ಪಕ್ಕಕ್ಕಿಟ್ಟು ಬೆಂಕಿಯ ಬಗ್ಗೆ, ಬಿಸಿಯ ಬಗ್ಗೆ ಮಾತಾಡುತ್ತೇನೆ. ಜಗತ್ತು ಬಳಸುವ ಒಟ್ಟು ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಹೋಗುವುದು ಬಿಸಿ ಮಾಡುವುದಕ್ಕೇ. ಅಡುಗೆ, ಸ್ನಾನದ ನೀರು, ಚಳಿದೇಶಗಳಲ್ಲಿ ಮನೆ ಬೆಚ್ಚಗಿಡುವುದು, ಕಾರ್ಖಾನೆಯ ಉಗಿ, ಇಟ್ಟಿಗೆ ಭಟ್ಟಿ, ಸಿಮೆಂಟು, ಉಕ್ಕು. ಇಷ್ಟು ದೊಡ್ಡ ಬಾಬತ್ತು ನಮ್ಮ ಚರ್ಚೆಗಳಲ್ಲಿ ಕಾಣುವುದೇ ಅಪರೂಪ. ದೀಪಕ್ಕೆ ಮೀಟರು ಇದೆ, ಒಲೆಗೆ ಇಲ್ಲ. ಅಳೆಯದ್ದನ್ನು ಯಾರೂ ಚರ್ಚಿಸುವುದಿಲ್ಲ.

ಈ ನೆಲದಲ್ಲಿ ಅದನ್ನು ಗಮನಿಸಿದವರು ಇದ್ದರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿಗೆ ದಾಸೋಹ ನಡೆಯುತ್ತಿತ್ತು ಎಂದು ಪರಂಪರೆ ಹೇಳುತ್ತದೆ. ಸಂಖ್ಯೆಯನ್ನು ಅವರವರ ಭಕ್ತಿಗೆ ಬಿಡೋಣ. ಆದರೆ ಅಷ್ಟು ಜನಕ್ಕೆ ಅನ್ನ ಬೇಯಬೇಕಾದರೆ ಕಟ್ಟಿಗೆ ಎಲ್ಲಿಂದ ಬರುತ್ತಿತ್ತು ಎಂದು ಕೇಳಿದರೆ ಮೋಳಿಗೆಯ ಮಾರಯ್ಯನ ಹೆಸರು ಬರುತ್ತದೆ. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಕಲ್ಯಾಣಕ್ಕೆ ಬಂದು, ಕಾಡಿನಿಂದ ಕಟ್ಟಿಗೆ ಹೊರೆ ಹೊತ್ತು ಮಾರಿ ದಾಸೋಹ ನಡೆಸಿದವನು ಎಂದು ಅವನ ಕತೆ. ಹುಮನಾಬಾದ್ ತಾಲೂಕಿನ ಮೋಳಕೇರಾಕ್ಕೂ ಅವನಿಗೂ ನಂಟು ಹೇಳುವವರು ಈ ಸಭೆಯಲ್ಲೇ ಇದ್ದೀರಿ. ಅನುಭವ ಮಂಟಪದಲ್ಲಿ ಮಂತ್ರಿ, ಅಂಬಿಗ, ಮಡಿವಾಳ, ಕುಂಬಾರರ ಸಾಲಿನಲ್ಲಿ ಉರುವಲು ತರುವವನೂ ಸಮನಾಗಿ ಕೂತಿದ್ದ. ಇವತ್ತಿನ ದೆಹಲಿಯ ಸಭೆಗಳಲ್ಲಿ ಉರುವಲು ಹೊರುವ ಹೆಂಗಸಿಗೆ ಆ ಜಾಗ ಸಿಕ್ಕಿದೆಯೆಂದು ನನಗೆ ಅನ್ನಿಸುವುದಿಲ್ಲ.

ಹೊರಗಿನ ಸುದ್ದಿ ಮೊದಲು ಹೇಳಿಬಿಡುತ್ತೇನೆ. ಬ್ರಿಟನ್ನಿನಲ್ಲಿ ಹತ್ತು ಮನೆಗಳಲ್ಲಿ ಎಂಟಕ್ಕೂ ಹೆಚ್ಚು ಮನೆ ಬೆಚ್ಚಗಾಗುವುದು ಕೊಳವೆ ಅನಿಲದ ಬಾಯ್ಲರಿನಿಂದ. ಅದನ್ನು ತೆಗೆದು ಹೀಟ್ ಪಂಪ್ ಕೂರಿಸಬೇಕು ಎಂಬುದು ಅಲ್ಲಿನ ನೀತಿ. ಹೀಟ್ ಪಂಪ್ ಎಂದರೆ ನಿಮ್ಮ ಮನೆಯ ಫ್ರಿಜ್ಜಿನ ತಂತ್ರವೇ, ಕೆಲಸ ಮಾತ್ರ ತಿರುವುಮುರುವು: ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎಳೆದು ನೀರಿಗೆ ಸೇರಿಸುತ್ತದೆ. ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಬಿಸಿ ಕೊಡುತ್ತದೆ. ಜರ್ಮನಿ 2023ರಲ್ಲಿ ಹೊಸ ಹೀಟರುಗಳಿಗೆ ಶೇ 65ರಷ್ಟು ನವೀಕರಿಸಬಹುದಾದ ಶಕ್ತಿ ಇರಬೇಕೆಂದು ಕಾನೂನು ತಂದಿತು. ಸರ್ಕಾರವೇ ಅಲುಗಾಡುವಷ್ಟು ಗದ್ದಲವಾಯಿತು. ನೆದರ್ಲೆಂಡ್ಸ್ 2018ರಿಂದ ಹೊಸ ಮನೆಗಳಿಗೆ ಅನಿಲ ಸಂಪರ್ಕ ಕೊಡುವುದನ್ನೇ ನಿಲ್ಲಿಸಿತು. ಒಮ್ಮೆ ಹಾಕಿದ ಕೊಳವೆಯನ್ನು ಕೀಳುವುದು ಹಾಕುವುದಕ್ಕಿಂತ ಎಷ್ಟು ಕಷ್ಟ ಎಂಬುದನ್ನು ಯುರೋಪು ಈಗ ಕಲಿಯುತ್ತಿದೆ. ಈ ಪಾಠದ ಫೀಸನ್ನು ಅವರು ಕಟ್ಟಿಯಾಗಿದೆ. ನಾವು ಪುಕ್ಕಟೆ ಕಲಿಯಬಹುದು.

ನಮ್ಮ ಬಿಸಿ ಬೇರೆ. ಕಲ್ಯಾಣದಲ್ಲಿ ಯಾರೂ ಮನೆಗೆ ಬಾಯ್ಲರ್ ಇಟ್ಟು ಗೋಡೆ ಬೆಚ್ಚಗೆ ಮಾಡುವುದಿಲ್ಲ. ನಮ್ಮ ಬಿಸಿ ಮೂರು ಕಡೆ ಇದೆ. ಬಚ್ಚಲಿನ ಹಂಡೆಯಲ್ಲಿ, ಅಡುಗೆಮನೆಯ ಹಂಚಿನ ಕೆಳಗೆ, ಹುಮನಾಬಾದಿನ ಕೈಗಾರಿಕಾ ಪ್ರದೇಶದ ಮತ್ತು ಸಕ್ಕರೆ ಕಾರ್ಖಾನೆಗಳ ಬಾಯ್ಲರಿನಲ್ಲಿ. ಸರ್ಕಾರಗಳು ಕೈಹಾಕಿದ್ದು ಹಂಚಿಗೆ ಮೊದಲು. ಕೈಹಾಕಬೇಕಾದದ್ದು ಹಂಡೆಗೆ ಮೊದಲು. ಇದೇ ನನ್ನ ಮಾತಿನ ತಿರುಳು. ಇದಕ್ಕೆ ಕಾರಣ ಕೊಡಬೇಕಾದದ್ದು ನನ್ನ ಹೊಣೆ.

ಸಿಲಿಂಡರಿನಿಂದ ಶುರು ಮಾಡೋಣ. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಉಜ್ವಲ ಯೋಜನೆ ಆರಂಭವಾಯಿತು. ಇವತ್ತು ದೇಶದಲ್ಲಿ ಅದರ ಸಂಪರ್ಕಗಳು 10 ಕೋಟಿ ದಾಟಿವೆ. ಅದರಲ್ಲಿ ಹೆಸರು ಬರದವರಿಗಾಗಿ ನಮ್ಮ ರಾಜ್ಯ ಅನಿಲ ಭಾಗ್ಯ ತಂದಿತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ, ಅಂದರೆ 2019-21ರಲ್ಲಿ, ಅಡುಗೆಗೆ ಹೊಗೆಯಿಲ್ಲದ ಇಂಧನ ಬಳಸುವ ಮನೆಗಳು ದೇಶದಲ್ಲಿ ಶೇ 58.6, ಕರ್ನಾಟಕದಲ್ಲಿ ನೂರಕ್ಕೆ ಸುಮಾರು 80. ಇದನ್ನು ಸಣ್ಣ ಸಾಧನೆ ಎಂದು ಯಾರೂ ಹೇಳಬಾರದು. ಕುಳ್ಳು, ತೊಗರಿಕಟ್ಟಿಗೆ ಉರಿಸಿ ಕಣ್ಣು ಕೆಂಪಾಗಿಸಿಕೊಂಡ ತಾಯಂದಿರು ಯಾವ ಪಕ್ಷದ ಯೋಜನೆ ಎಂದು ಕೇಳಲಿಲ್ಲ, ಒಲೆ ಹಚ್ಚಿದರು.

ಆದರೆ ಸಂಪರ್ಕ ಬೇರೆ, ಬಳಕೆ ಬೇರೆ. ಉಜ್ವಲ ಮನೆಯೊಂದು ವರ್ಷಕ್ಕೆ ತುಂಬಿಸಿಕೊಂಡ ಸಿಲಿಂಡರು 2019-20ರಲ್ಲಿ ಸರಾಸರಿ 3.01, 2023-24ರಲ್ಲಿ 3.95. ಐದು ಜನರ ಮನೆಗೆ ನಾಲ್ಕು ಸಿಲಿಂಡರಿನಲ್ಲಿ ವರ್ಷವಿಡೀ ಅಡುಗೆ ಆಗುವುದಿಲ್ಲ. ಮಿಕ್ಕದ್ದು ಏನಾಯಿತು? ಹಿತ್ತಲಿನ ಒಲೆ ಆರಿಲ್ಲ. ಚಹಾ, ಪಲ್ಯ, ನೆಂಟರು ಬಂದಾಗಿನ ಅಡುಗೆ ಗ್ಯಾಸಿನ ಮೇಲೆ. ರಾಶಿ ರೊಟ್ಟಿ ಮತ್ತು ಸ್ನಾನದ ನೀರು ಕಟ್ಟಿಗೆಯ ಮೇಲೆ. ಇದು ಅಜ್ಞಾನವಲ್ಲ, ಲೆಕ್ಕಾಚಾರ. ದುಡ್ಡು ಕೊಟ್ಟ ಇಂಧನವನ್ನು ಬಚ್ಚಲಿಗೆ ಸುರಿಯಬಾರದೆಂದು ಮನೆಯೊಡತಿಗೆ ಯಾರೂ ಕಲಿಸಬೇಕಾಗಿಲ್ಲ.

ಈಗ ಇಂಗಾಲದ ಲೆಕ್ಕ. 14.2 ಕೆ.ಜಿ. ಸಿಲಿಂಡರು ಪೂರ್ತಿ ಉರಿದರೆ ಹೊರಬರುವ ಇಂಗಾಲದ ಡೈಆಕ್ಸೈಡ್ ಸುಮಾರು 42 ಕೆ.ಜಿ. ಹುಮನಾಬಾದಿನಿಂದ ಹೈದರಾಬಾದಿಗೆ ಸುಮಾರು 150 ಕಿ.ಮೀ. ಒಬ್ಬರು ಪೆಟ್ರೋಲ್ ಕಾರಿನಲ್ಲಿ ಹೋಗಿ ಬಂದರೆ ಇಪ್ಪತ್ತು ಲೀಟರ್ ಖರ್ಚು, ಲೀಟರಿಗೆ 2.3 ಕೆ.ಜಿ.ಯಂತೆ 46 ಕೆ.ಜಿ. ಅಂದರೆ ನಮ್ಮ ಪೈಕಿ ಒಬ್ಬರು ಮದುವೆ ಜವಳಿ ತರಲು ಒಮ್ಮೆ ಹೈದರಾಬಾದಿಗೆ ಹೋಗಿ ಬಂದರೆ ಒಂದು ಬಡ ಮನೆಯ ಮೂರು ತಿಂಗಳ ಗ್ಯಾಸಿನ ಲೆಕ್ಕ ಮುಗಿಯುತ್ತದೆ. ಭಾರತ 2070ಕ್ಕೆ ನಿವ್ವಳ ಶೂನ್ಯ ಎಂದು 2021ರಲ್ಲಿ ಗ್ಲಾಸ್ಗೋದಲ್ಲಿ ಮಾತು ಕೊಟ್ಟಿದೆ. ಆ ಮಾತು ಉಳಿಸಲು ಮೊದಲು ಉಜ್ವಲ ಒಲೆಯ ಕಡೆ ಕೈತೋರಿಸುವ ನೀತಿ ಅನ್ಯಾಯದ ನೀತಿ. ಇನ್ನೂ ಕೆಲವು ವರ್ಷ ಆ ಒಲೆ ಹೆಚ್ಚು ಉರಿಯಬೇಕು, ಕಡಿಮೆ ಅಲ್ಲ.

ಹಾಗಾದರೆ ಗ್ಯಾಸಿನ ಸಮಸ್ಯೆ ಏನು? ಅದು ನಮ್ಮದಲ್ಲ ಎಂಬುದು. ದೇಶ ಬಳಸುವ ಎಲ್‌ಪಿಜಿಯಲ್ಲಿ ಶೇ 60ರಷ್ಟು ಆಮದು, ಅದರ ಬಹುಪಾಲು ಕೊಲ್ಲಿ ರಾಷ್ಟ್ರಗಳಿಂದ, ಹಾರ್ಮುಜ್ ಜಲಸಂಧಿ ದಾಟಿ. ದರ ಕಟ್ಟುವುದು ಸೌದಿಯ ಅರಾಮ್ಕೊ ತಿಂಗಳಿಗೊಮ್ಮೆ ಹೇಳುವ ಬೆಲೆಯ ಮೇಲೆ. 2023ರ ಮಾರ್ಚಿನಲ್ಲಿ ದೆಹಲಿಯಲ್ಲಿ ಸಿಲಿಂಡರು 1,103 ರೂಪಾಯಿ ಮುಟ್ಟಿತ್ತು. ಅದೇ ವರ್ಷದ ಆಗಸ್ಟಿನ ಕೊನೆಗೆ 200 ಇಳಿಸಿದರು, 2024ರ ಮಾರ್ಚಿನಲ್ಲಿ ಇನ್ನೂ 100. ಇಳಿದದ್ದು ಚುನಾವಣೆಯ ಹೊಸ್ತಿಲಲ್ಲಿ ಎಂಬುದನ್ನು ನಾನು ಹೇಳಬೇಕಾಗಿಲ್ಲ. ಕಲ್ಯಾಣದ ಒಲೆಯ ಉರಿಯನ್ನು ಕೊಲ್ಲಿಯ ಹಡಗು ಮತ್ತು ದೆಹಲಿಯ ಕ್ಯಾಲೆಂಡರು ಹೆಚ್ಚುಕಡಿಮೆ ಮಾಡುವ ಸ್ಥಿತಿ ಸುಖದ್ದಲ್ಲ.

ಸಿಲಿಂಡರಿಗೆ ಬದಲಾಗಿ ಮೂರು ದಾರಿ ಹೇಳುತ್ತಾರೆ. ಮೊದಲನೆಯದು ಕೊಳವೆ ಅನಿಲ. 2013ರಲ್ಲಿ ದಾಭೋಲ್‌ನಿಂದ ಬೆಂಗಳೂರಿಗೆ ಬಂದ ಕೊಳವೆ ರಾಜ್ಯಕ್ಕೆ ನೈಸರ್ಗಿಕ ಅನಿಲ ತಂದಿತು. ನಗರ ಅನಿಲ ವಿತರಣೆಯ ನಕ್ಷೆ ಈಗ ದೇಶದ ಹೆಚ್ಚುಕಡಿಮೆ ಎಲ್ಲ ಜಿಲ್ಲೆಗಳನ್ನೂ ಮುಚ್ಚಿದೆ, ಬೀದರ್ ಹೊರತಲ್ಲ. ರಸ್ತೆ ಅಗೆದು ಹಳದಿ ಕೊಳವೆ ಹೂಳುವುದನ್ನು ಪ್ರಗತಿ ಎಂದು ಸ್ವಾಗತಿಸುವ ಮೊದಲು ಎರಡು ಅಂಕಿ ನೆನಪಿಡಿ. ಅದೇ ಬಿಸಿಗೆ ಎಲ್‌ಪಿಜಿಗಿಂತ ನೈಸರ್ಗಿಕ ಅನಿಲ ಕಡಿಮೆ ಮಾಡುವ ಇಂಗಾಲ ನೂರಕ್ಕೆ ಹತ್ತು ಹನ್ನೊಂದು ಮಾತ್ರ. ದಾರಿಯಲ್ಲಿ ಸ್ವಲ್ಪ ಸೋರಿದರೂ ಆ ಉಳಿತಾಯ ಹೋಯಿತು, ಯಾಕೆಂದರೆ ಸೋರುವ ಮೀಥೇನ್ ಇಪ್ಪತ್ತು ವರ್ಷದ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಎಂಬತ್ತು ಪಟ್ಟು ಬಿಸಿ ಹಿಡಿಯುತ್ತದೆ. ಎರಡನೆಯದು, ಜಾಲ ಹಾಕಿದ ಕಂಪನಿಗೆ 25 ವರ್ಷದ ಹಕ್ಕು. ಇವತ್ತು ಹೂಳಿದ ಕೊಳವೆ ಇವತ್ತು ಹುಟ್ಟಿದ ಮಗುವಿನ ಮದುವೆಯ ತನಕ ಆದಾಯ ಕೇಳುತ್ತದೆ. ದೇಶ ಬಳಸುವ ನೈಸರ್ಗಿಕ ಅನಿಲದಲ್ಲೂ ಸುಮಾರು ಅರ್ಧ ಹಡಗಿನಲ್ಲೇ ಬರುವುದು. ಕಲ್ಯಾಣ, ಹುಮನಾಬಾದಿನ ಮನೆಗಳಿಗೆ ಇದು ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬಸ್ಸು, ಲಾರಿಗಳ ಮಾತು ಬೇರೆ. ಸಸ್ತಾಪುರ ಬಂಗ್ಲಾದ ಆಟೊನಗರದವರು ಅದನ್ನು ನನಗಿಂತ ಚೆನ್ನಾಗಿ ಬಲ್ಲರು.

ಎರಡನೆಯ ದಾರಿ ಇಂಡಕ್ಷನ್ ಒಲೆ. ಇದರ ಲೆಕ್ಕ ಕೇಳಿದರೆ ಪರಿಸರವಾದಿಗಳಿಗೆ ಸ್ವಲ್ಪ ಬೇಸರವಾಗುತ್ತದೆ. ಒಂದು ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್‌ನಷ್ಟು ಶಾಖವಿದೆ. ಗ್ಯಾಸ್ ಒಲೆ ಅದರಲ್ಲಿ ಶೇ 60ನ್ನು ಪಾತ್ರೆಗೆ ಮುಟ್ಟಿಸುತ್ತದೆ ಎಂದು ಹಿಡಿಯಿರಿ. ಇಂಡಕ್ಷನ್ ಶೇ 85 ಮುಟ್ಟಿಸುತ್ತದೆ. ಹಾಗಾಗಿ ಒಂದು ಸಿಲಿಂಡರಿನ ಅಡುಗೆಗೆ 130 ಯೂನಿಟ್ ಕರೆಂಟು ಬೇಕು. ನಮ್ಮ ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ ತಯಾರಿಸಲು ಸರಾಸರಿ 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಗುಣಿಸಿ: 91 ಕೆ.ಜಿ. ಗ್ಯಾಸಿನದು 42. ಅಡುಗೆಮನೆ ಹಸಿರಾಯಿತು ಎಂದು ನಾವು ಖುಷಿಪಟ್ಟ ಹೊತ್ತಿಗೆ ರಾಯಚೂರಿನ ಚಿಮಣಿ ಎರಡು ಪಟ್ಟು ಉಗುಳಿರುತ್ತದೆ. ಶಕ್ತಿನಗರದ 1,720 ಮೆಗಾವಾಟ್ ಸ್ಥಾವರ ನಮ್ಮ ಕಣ್ಣಿಗೆ ಕಾಣದಷ್ಟು ದೂರ ಇರುವುದರಿಂದ ಆ ಹೊಗೆ ಹೊಗೆಯಲ್ಲ ಎಂದಾಗುವುದಿಲ್ಲ.

ಇಲ್ಲೊಂದು ತಿದ್ದುಪಡಿ ಬೇಕು, ಅದು ಮುಖ್ಯವಾದದ್ದು. ಸರಾಸರಿ ಎಂಬುದು ಇಪ್ಪತ್ತನಾಲ್ಕು ತಾಸಿನದು. ಮಧ್ಯಾಹ್ನ ಹನ್ನೆರಡಕ್ಕೆ ಕರ್ನಾಟಕದ ತಂತಿಯಲ್ಲಿ ಹರಿಯುವ ಕರೆಂಟಿನಲ್ಲಿ ಬಿಸಿಲಿನ ಪಾಲು ದೊಡ್ಡದು. ಸಂಜೆ ಏಳಕ್ಕೆ ಅದು ಸೊನ್ನೆ. ಹಾಗಾಗಿ ಯಾವ ಒಲೆ ಎಂಬುದಕ್ಕಿಂತ ಯಾವ ಹೊತ್ತು ಎಂಬುದು ದೊಡ್ಡ ಪ್ರಶ್ನೆ. ಮನೆಯ ರೊಟ್ಟಿ ಬೇಯುವುದು ಬೆಳಗಿನ ಆರೇಳಕ್ಕೆ, ಇಲ್ಲವೆ ರಾತ್ರಿ ಏಳೆಂಟಕ್ಕೆ, ಬಿಸಿಲಿಲ್ಲದ ಹೊತ್ತು. ಮೇಲಾಗಿ ಜೋಳದ ರೊಟ್ಟಿಗೆ ಉರಿ ಬೇಕು. ಹಂಚಿನ ಮೇಲೆ ನೀರು ಸವರಿ ತಿರುವಿದ ರೊಟ್ಟಿ ಕೆಂಡದಲ್ಲೋ ಜ್ವಾಲೆಯಲ್ಲೋ ಉಬ್ಬಬೇಕು. ನಡು ತಗ್ಗಿದ ಹಂಚು ಇಂಡಕ್ಷನ್ನಿನ ಗಾಜಿನ ಮೇಲೆ ಕೂರುವುದೇ ಇಲ್ಲ. ದೆಹಲಿಯಲ್ಲಿ ಒಲೆ ವಿನ್ಯಾಸ ಮಾಡುವವರು ಒಂದು ವಾರ ಬೀದರ್ ಜಿಲ್ಲೆಯಲ್ಲಿ ಊಟ ಮಾಡಬೇಕು ಎಂಬುದು ನನ್ನ ಬಹುದಿನದ ಬೇಡಿಕೆ.

ಗೃಹಜ್ಯೋತಿಯ ಒಂದು ನಿಯಮವನ್ನೂ ಇಲ್ಲೇ ಹೇಳಬೇಕು. 2023ರ ಜುಲೈಯಿಂದ 200 ಯೂನಿಟ್‌ವರೆಗೆ ಉಚಿತ ಎಂದು ಜನ ಹೇಳುತ್ತಾರೆ. ನಿಜವಾಗಿ ಪ್ರತಿ ಮನೆಗೂ 200 ಇಲ್ಲ. ಆ ಮನೆಯ ಹಿಂದಿನ ವರ್ಷದ ಸರಾಸರಿ ಮತ್ತು ಅದರ ಮೇಲೆ ಶೇ 10. ಹಿಂದೆ 60 ಯೂನಿಟ್ ಬಳಸುತ್ತಿದ್ದ ಮನೆಗೆ 66 ಉಚಿತ. 170 ಬಳಸುತ್ತಿದ್ದ ಮನೆಗೆ 187. ಕಟ್ಟಿಗೆ ಬಿಟ್ಟು ಕರೆಂಟಿಗೆ ಬರಬೇಕೆಂದುಕೊಂಡ ಬಡವಳು ಹೆಚ್ಚಿದ ಪ್ರತಿ ಯೂನಿಟ್‌ಗೂ ದುಡ್ಡು ಕೊಡಬೇಕು; ಮೊದಲೇ ಗೀಸರು ಇದ್ದ ಮನೆಯದು ಪುಕ್ಕಟೆ ನಡೆಯುತ್ತದೆ. ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ 130 ಯೂನಿಟ್‌ಗೆ 780 ರೂಪಾಯಿ. 300 ರೂಪಾಯಿ ಸಬ್ಸಿಡಿ ಕಳೆದು ಉಜ್ವಲ ಮನೆಗೆ ಬೀಳುವ ಸಿಲಿಂಡರಿಗಿಂತ ಅದು ದುಬಾರಿ. ಯೋಜನೆ ಮಾಡಿದವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ನಿನ್ನೆ ಎಷ್ಟು ಕಡಿಮೆ ಬಳಸಿದ್ದೆಯೋ ನಾಳೆಯೂ ಅಷ್ಟೇ ಬಳಸು ಎಂದು ಹೇಳುವ ನಿಯಮ ಬಡವರನ್ನು ಕಟ್ಟಿಗೆಗೇ ಕಟ್ಟಿಹಾಕುತ್ತದೆ.

ಮೂರನೆಯ ದಾರಿ ಗೋಬರ್ ಗ್ಯಾಸು. ಇದರಲ್ಲಿ ಕರ್ನಾಟಕಕ್ಕೆ ದೊಡ್ಡ ಪರಂಪರೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರ ಹಳ್ಳಿಯ ಶಕ್ತಿಯನ್ನು ವಿಜ್ಞಾನದ ವಿಷಯ ಮಾಡಿತು. ಅಸ್ತ್ರ ಒಲೆ ಅಲ್ಲಿಂದಲೇ ಬಂದದ್ದು. ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿನ ಎಲ್ಲ ದನಗಳ ಸಗಣಿ ಸೇರಿಸಿ ಅಡುಗೆ ಅನಿಲ ಕೊಡುವ ಪ್ರಯತ್ನ ಮಾಡಿದರು. ಸಗಣಿ ಸಾಲಲಿಲ್ಲ. ಅವರು ಯೋಜನೆ ಕೈಬಿಡಲಿಲ್ಲ. ಅದೇ ಅನಿಲದಿಂದ ಎಂಜಿನ್ ಓಡಿಸಿ, 1987ರ ಹೊತ್ತಿಗೆ ಊರಿಗೆ ದೀಪ ಮತ್ತು ಕುಡಿಯುವ ನೀರು ಕೊಟ್ಟರು. ಶಕ್ತಿ ಎಷ್ಟಿದೆ ಎಂದು ಅಳೆದು, ಅದಕ್ಕೆ ತಕ್ಕ ಕೆಲಸ ಹುಡುಕುವ ಈ ವಿನಯ ನಮ್ಮ ಇಂಧನ ಯೋಜನೆಗಳಲ್ಲಿ ಆಮೇಲೆ ಕಡಿಮೆಯಾಗುತ್ತ ಹೋಯಿತು. ನಾಲ್ಕೈದು ದನ ಇರುವ ಮನೆಗೆ ಗೋಬರ್ ಗ್ಯಾಸು ಇವತ್ತಿಗೂ ಒಳ್ಳೆಯದು. ದನಗಳೇ ಕಡಿಮೆಯಾಗಿ ಟ್ರ್ಯಾಕ್ಟರು ಹೆಚ್ಚಿದ ಊರಿಗೆ ಅದನ್ನು ಪರಿಹಾರವೆಂದು ಮಾರಬಾರದು.

ಈಗ ಹಂಡೆಯ ಹತ್ತಿರ ಬರುತ್ತೇನೆ. ಚಳಿಗಾಲದಲ್ಲಿ ರಾಜ್ಯದ ಅತಿ ಕಡಿಮೆ ಉಷ್ಣಾಂಶದ ಸುದ್ದಿ ಬಂದಾಗ ಬೀದರಿನ ಹೆಸರು ಮೇಲಿಂದ ಮೇಲೆ ಬರುತ್ತದೆ. ಹತ್ತು ಡಿಗ್ರಿಗೂ ಕೆಳಗೆ ಹೋಗುವ ಬೆಳಗುಗಳು ಇಲ್ಲಿ ಇವೆ. ಬಿಸಿನೀರು ಇಲ್ಲಿ ಶೋಕಿಯಲ್ಲ. ಐದು ಜನರ ಮನೆಗೆ ದಿನಕ್ಕೆ ನೂರು ಲೀಟರ್ ನೀರನ್ನು ಇಪ್ಪತ್ತೈದು ಡಿಗ್ರಿ ಏರಿಸಬೇಕು ಎಂದು ಹಿಡಿದರೆ ಸುಮಾರು ಮೂರು ಯೂನಿಟ್ ಬೇಕು. ಕಟ್ಟಿಗೆಯ ಹಂಡೆಯಲ್ಲಿ ಇದು ಒಂದು ಹೊರೆ, ಹೊಗೆ, ಮುಂಜಾನೆಯ ಒಂದು ತಾಸು. ಪಟ್ಟಣದ ಮನೆಯಲ್ಲಿ ಗೀಸರು, ಇಲ್ಲವೆ ಬಕೆಟ್ಟಿಗೆ ಇಳಿಬಿಟ್ಟ ಹೀಟರ್ ರಾಡು.

ವರ್ಷದಲ್ಲಿ 200 ದಿನ ಗೀಸರು ಹಚ್ಚಿದರೆ 600 ಯೂನಿಟ್. ಗ್ರಿಡ್ಡಿನ ಸರಾಸರಿಯಲ್ಲಿ 420 ಕೆ.ಜಿ. ಇಂಗಾಲದ ಡೈಆಕ್ಸೈಡ್. ಹತ್ತು ಸಿಲಿಂಡರಿಗೆ ಸಮ. ಅಂದರೆ ನನ್ನಂಥವರ ಮನೆಯ ಒಂದು ವರ್ಷದ ಸ್ನಾನ ಉಜ್ವಲ ಮನೆಯೊಂದರ ಎರಡೂವರೆ ವರ್ಷದ ಗ್ಯಾಸಿಗಿಂತ ಕಡಿಮೆಯಿಲ್ಲ. ಅದೂ ಬೆಳಗಿನ ಆರರಿಂದ ಎಂಟರ ನಡುವೆ, ಇಡೀ ರಾಜ್ಯ ಒಟ್ಟಿಗೆ ಸ್ವಿಚ್ ಒತ್ತುವ ಹೊತ್ತಿನಲ್ಲಿ, ಕಲ್ಲಿದ್ದಲು ಇಲ್ಲದೆ ನಡೆಯದ ಹೊತ್ತಿನಲ್ಲಿ. ಇಂಗಾಲ ಇಳಿಸುವ ಕೆಲಸ ಎಲ್ಲಿ ಶುರುವಾಗಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ನನಗೆ ಬೇಕಿಲ್ಲ.

ಮತ್ತು ಇದೇ ಅತಿ ಸುಲಭದ ಕೆಲಸ. ರೊಟ್ಟಿಗೆ ಉರಿ ಬೇಕು, ಸ್ನಾನಕ್ಕೆ ನಲವತ್ತು ಡಿಗ್ರಿ ಸಾಕು. ನಲವತ್ತು ಡಿಗ್ರಿ ನೀರಿಗಾಗಿ ಸಾವಿರ ಡಿಗ್ರಿಗೂ ಮೀರಿ ಕಲ್ಲಿದ್ದಲು ಉರಿಸಿ, ಉಗಿ ಮಾಡಿ, ಟರ್ಬೈನು ತಿರುಗಿಸಿ, ತಂತಿಯಲ್ಲಿ ನೂರಾರು ಕಿಲೋಮೀಟರು ಸಾಗಿಸಿ, ಮತ್ತೆ ಗೀಸರಿನಲ್ಲಿ ಬಿಸಿ ಮಾಡುವುದು ಎಂಥ ದಂಡದ ಕೆಲಸ! ಇಲ್ಲಿನ ಬಿಸಿಲಿಗೆ ಇದೆಲ್ಲ ಬೇಕಿಲ್ಲ. ಸೋಲಾರ್ ವಾಟರ್ ಹೀಟರಿನಲ್ಲಿ ಕರ್ನಾಟಕ ಬಹುಕಾಲದಿಂದ ದೇಶಕ್ಕೆ ಮುಂದು. ಆದರೆ ಬೆಂಗಳೂರಿನ ಚಾವಣಿಗಳಲ್ಲಿ ಕಾಣುವ ಆ ಟ್ಯಾಂಕುಗಳು ಅಷ್ಟೇನೂ ಚಳಿಯಿಲ್ಲದ ಊರಿಗೆ ಸಿಕ್ಕವು. ಚಳಿ ಹೆಚ್ಚಿರುವ, ಬಿಸಿಲೂ ಹೆಚ್ಚಿರುವ ಈ ಭಾಗದಲ್ಲಿ ಚಾವಣಿಗಳು ಖಾಲಿ. ಚಾವಣಿ ಇಲ್ಲದ ಬಾಡಿಗೆ ಮನೆಗೆ, ಲಾಡ್ಜಿಗೆ, ಆಸ್ಪತ್ರೆಗೆ ಹೀಟ್ ಪಂಪ್ ಇದೆ: ಮೂರು ಯೂನಿಟ್ ಬೇಕಾದಲ್ಲಿ ಒಂದೇ ಯೂನಿಟ್, ಅದನ್ನೂ ಮಧ್ಯಾಹ್ನವೇ ಓಡಿಸಿ ಟ್ಯಾಂಕಿನಲ್ಲಿ ಬಿಸಿ ಹಿಡಿದಿಡಬಹುದು. ಜರ್ಮನಿಯ ಹಿಮದಲ್ಲಿ ಒದ್ದಾಡಿ ಕೆಲಸ ಮಾಡುವ ಯಂತ್ರ ನಮ್ಮ ಹವೆಯಲ್ಲಿ ಆರಾಮಾಗಿ ನಡೆಯುತ್ತದೆ. ಒಂದು ಎಚ್ಚರಿಕೆ: ಕೊಳವೆಬಾವಿಯ ಗಡಸು ನೀರು ಕೊಳವೆಗಳಲ್ಲಿ ಉಪ್ಪು ಕಟ್ಟಿಸುತ್ತದೆ. ವರ್ಷಕ್ಕೊಮ್ಮೆ ತೊಳೆಯುವ ಮೆಕ್ಯಾನಿಕ್ ಊರಲ್ಲಿ ಇಲ್ಲದಿದ್ದರೆ ಸಬ್ಸಿಡಿಯ ಹೀಟರು ಮೂರನೆಯ ವರ್ಷಕ್ಕೆ ಗುಜರಿ. ಐಟಿಐ ಪ್ರಾಚಾರ್ಯರು ಇಲ್ಲಿದ್ದರೆ ದಯವಿಟ್ಟು ಕೇಳಿಸಿಕೊಳ್ಳಿ.

ಹೊತ್ತಿನ ಮಾತನ್ನು ಅಡುಗೆಗೂ ಹಚ್ಚಿ ನೋಡಿದರೆ ಒಂದು ಜಾಗ ತಾನಾಗಿ ಕಾಣುತ್ತದೆ: ಶಾಲೆಯ ಬಿಸಿಯೂಟ. 2002ರಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದು ಬೀದರ್ ಸೇರಿದ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ. ಆ ಅಡುಗೆ ಬೇಯುವುದು ಬೆಳಗಿನ ಹತ್ತರಿಂದ ಮಧ್ಯಾಹ್ನ ಒಂದರ ನಡುವೆ, ಬಿಸಿಲು ನೆತ್ತಿಗೆ ಬರುವ ಹೊತ್ತಿನಲ್ಲಿ. ಅನ್ನ, ಸಾಂಬಾರು, ಹಾಲು. ಉರಿ ಬೇಡುವ ರೊಟ್ಟಿಯಿಲ್ಲ. ಶಾಲೆಯ ಚಾವಣಿಯ ಮೇಲೆ ಸೋಲಾರ್ ಹಲಗೆ, ಕೆಳಗೆ ಕರೆಂಟಿನ ಒಲೆ: ಸಂಜೆಗೆ ಕೂಡಿಡಬೇಕಾದ ಬ್ಯಾಟರಿಯೂ ಬೇಡ. ಶಿರಡಿಯ ಸಾಯಿಬಾಬಾ ಸಂಸ್ಥಾನ 2009ರಲ್ಲೇ 73 ಸೌರ ತಟ್ಟೆಗಳನ್ನು ಚಾವಣಿಯ ಮೇಲೆ ಕೂರಿಸಿ ಉಗಿಯಲ್ಲಿ ಅನ್ನ ಬೇಯಿಸಿತು. ಇಲ್ಲಿಂದ ಶಿರಡಿಗೆ ಹೋಗಿಬಂದ ಭಕ್ತರಲ್ಲಿ ಎಷ್ಟು ಮಂದಿ ಆ ಚಾವಣಿಯ ಕಡೆ ತಲೆಯೆತ್ತಿ ನೋಡಿದಿರೋ ತಿಳಿಯದು. ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಸನ್ನಿಧಿಯಲ್ಲೂ, ಈ ಊರಿನ ಮಠಗಳಲ್ಲೂ ನಡೆಯುವ ಅನ್ನದಾಸೋಹಗಳಿಗೆ ಬಿಸಿಲಿನ ಕೊರತೆಯಂತೂ ಇಲ್ಲ.

ಹುಮನಾಬಾದಿನ ಬಾಯ್ಲರುಗಳ ವಿಚಾರ ಕಷ್ಟದ್ದು. ರಾಸಾಯನಿಕ ಮತ್ತು ಔಷಧ ಘಟಕಗಳಿಗೆ ನೂರೈವತ್ತು ಡಿಗ್ರಿಯ ಆಸುಪಾಸಿನ ಉಗಿ ಹಗಲೂ ರಾತ್ರಿ ಬೇಕು. ಇಲ್ಲಿ ಸೋಲಾರ್ ಹಂಡೆಯ ಮಾತು ನಡೆಯುವುದಿಲ್ಲ. ಆ ಪ್ರದೇಶದ ವಾಸನೆ, ನೀರು ಕೆಟ್ಟ ದೂರುಗಳು ಹೊಸವೂ ಅಲ್ಲ, ಮುಗಿದೂ ಇಲ್ಲ. ಹೊಗೆಯ ವಿಚಾರ ಎತ್ತಿದರೆ ಅದರ ಜೊತೆಗೇ ಎತ್ತಬೇಕು. ಕಲ್ಲಿದ್ದಲಿನ ಬದಲು ಬೆಳೆಯ ಉಳಿಕೆ ಉರಿಸಿ ಎಂಬುದು ಸರ್ಕಾರದ ಸಿದ್ಧ ಉತ್ತರ. ನಮ್ಮಲ್ಲಿ ಉಳಿಕೆಗೆ ಕೊರತೆ ಏನು? ತೊಗರಿಯ ನಾಡಿದು. ರಾಶಿ ಮುಗಿದ ಮೇಲೆ ಹೊಲದ ಬದುವಿನಲ್ಲಿ ತೊಗರಿಕಟ್ಟಿಗೆ ಗುಡ್ಡೆ ಬೀಳುತ್ತದೆ. ಪುಡಿಮಾಡಿ ಒತ್ತಿ ಇಟ್ಟಿಗೆಯಂತೆ ಮಾಡಿದರೆ ಬಾಯ್ಲರಿಗೆ ಒಳ್ಳೆಯ ಇಂಧನ.

ಆದರೆ ಆ ಗುಡ್ಡೆ ಯಾರದ್ದು? ಹೊಲದೊಡೆಯನದು ಎಂದು ಪಹಣಿ ಹೇಳಬಹುದು. ಅದನ್ನು ಆರಿಸಿ ತಲೆಮೇಲೆ ಹೊತ್ತು ಒಯ್ಯುವುದು ಕೂಲಿ ಮಾಡುವ ಹೆಂಗಸು. ಕಳೆ ಕಿತ್ತ, ರಾಶಿ ಮಾಡಿದ ಸಲುಗೆಯಲ್ಲಿ ಬಂದ ಹಕ್ಕು ಅದು. ಕಾರ್ಖಾನೆ ಟನ್ನಿಗೆ ಇಷ್ಟು ಎಂದು ದರ ಹಚ್ಚಿದ ದಿನ ಆ ಸಲುಗೆ ಮುಗಿಯಿತು. ಬಾಯ್ಲರಿನ ಇಂಗಾಲ ಇಳಿಯಿತು, ಬಚ್ಚಲಿನ ಹಂಡೆ ತಣ್ಣಗಾಯಿತು. ಹಾಗಾಗಿಯೇ ನಾನು ಹಂಡೆ ಮೊದಲು ಎನ್ನುವುದು. ಆ ಮನೆಗೆ ಬಿಸಿನೀರಿನ ಬೇರೆ ದಾರಿ ಕೊಟ್ಟ ಮೇಲೆ ತೊಗರಿಕಟ್ಟಿಗೆ ಕೊಳ್ಳಿ, ಅದರ ದುಡ್ಡಿನಲ್ಲಿ ಆರಿಸುವವಳಿಗೂ ಪಾಲು ಕೊಡಿ. ಕ್ರಮ ತಿರುವುಮುರುವಾದರೆ ಹಸಿರು ನೀತಿ ಬಡವರ ಒಲೆಯಿಂದ ಕೊಳ್ಳಿ ಎಳೆದು ಶ್ರೀಮಂತರ ಬಾಯ್ಲರಿಗೆ ಹಾಕಿದಂತಾಗುತ್ತದೆ.

ಸಕ್ಕರೆ ಕಾರ್ಖಾನೆಗಳು ಶಾಖದ ವಿಚಾರದಲ್ಲಿ ಮೊದಲಿಂದಲೂ ಸ್ವಾವಲಂಬಿ. ಕಬ್ಬಿನ ಸಿಪ್ಪೆಯೇ ಅವುಗಳ ಕಲ್ಲಿದ್ದಲು. ಈಗ ಕಬ್ಬಿನ ಹಾಲು ಸೋಸಿದ ಮೇಲೆ ಉಳಿಯುವ ಪ್ರೆಸ್‌ಮಡ್‌ನಿಂದ ಜೈವಿಕ ಅನಿಲ ತೆಗೆಯುವ ಕಾಲ ಬಂದಿದೆ. ನಗರ ಅನಿಲ ಕಂಪನಿಗಳು ತಮ್ಮ ಅನಿಲದಲ್ಲಿ 2025-26ರಿಂದ ಶೇ 1, ಮುಂದೆ 3, 4, 2028-29ಕ್ಕೆ 5ರಷ್ಟು ಜೈವಿಕ ಅನಿಲ ಬೆರೆಸಲೇಬೇಕೆಂದು ಕೇಂದ್ರ ಹೇಳಿದೆ. ಆ ಅನಿಲವನ್ನು ಮನೆಮನೆಗೆ ಕೊಳವೆ ಹಾಕಿ ಚಹಾ ಕಾಯಿಸಲು ಸುರಿಯುವುದಕ್ಕಿಂತ, ಬೇರೆ ದಾರಿಯಿಲ್ಲದ ಹುಮನಾಬಾದಿನ ಬಾಯ್ಲರುಗಳಿಗೆ ಹತ್ತಿರದಲ್ಲೇ ಕೊಡುವುದು ಬುದ್ಧಿವಂತಿಕೆ. ಹಸಿರು ಜಲಜನಕದ ಬಗ್ಗೆ ಕೇಳುವವರಿಗೆ ಒಂದೇ ಮಾತು: ಕರೆಂಟಿನಿಂದ ಜಲಜನಕ ಮಾಡಿ ಅದನ್ನು ಸ್ನಾನದ ನೀರಿಗೆ ಉರಿಸುವುದು ಹಣವಿದ್ದವರ ಆಟ.

ಇದನ್ನೆಲ್ಲ ಯಾರು ಮಾಡಬೇಕು? ಡೆನ್ಮಾರ್ಕ್ ಎಂಬ ಪುಟ್ಟ ದೇಶ 1973ರ ತೈಲ ಬಿಕ್ಕಟ್ಟಿನಲ್ಲಿ ತತ್ತರಿಸಿತು. 1979ರಲ್ಲಿ ಶಾಖ ಪೂರೈಕೆ ಕಾನೂನು ಮಾಡಿ, ಪ್ರತಿ ಪುರಸಭೆಯೂ ತನ್ನ ಊರಿನಲ್ಲಿ ಎಲ್ಲಿ ಎಷ್ಟು ಬಿಸಿ ಬೇಕು, ಎಲ್ಲಿ ಎಷ್ಟು ಬಿಸಿ ವ್ಯರ್ಥವಾಗುತ್ತಿದೆ ಎಂದು ನಕ್ಷೆ ಬರೆಯಬೇಕೆಂದು ಹೇಳಿತು. ಇವತ್ತು ಅಲ್ಲಿ ಮೂರರಲ್ಲಿ ಎರಡು ಮನೆ ಊರೊಟ್ಟಿನ ಬಿಸಿನೀರಿನ ಜಾಲದಲ್ಲಿವೆ. ಜಾಲ ನಮಗೆ ಬೇಡ. ಆ ನಕ್ಷೆ ಬೇಕು. ಬಸವಕಲ್ಯಾಣಕ್ಕೆ ನಗರಸಭೆ ಇದೆ, ಹುಮನಾಬಾದಿಗೆ ಪುರಸಭೆ ಇದೆ. ಎಷ್ಟು ಹಾಸ್ಟೆಲು, ಎಷ್ಟು ಆಸ್ಪತ್ರೆ, ಎಷ್ಟು ಬಾಯ್ಲರು, ಎಷ್ಟು ದಾಸೋಹದ ಒಲೆ, ಯಾವ ಹೊತ್ತಿಗೆ ಎಷ್ಟು ಬಿಸಿ, ಏನು ಉರಿಸುತ್ತಾರೆ: ಕಾಲೇಜಿನ ಮಕ್ಕಳಿಗೆ ಹೇಳಿದರೆ ಒಂದು ಬೇಸಿಗೆ ರಜೆಯಲ್ಲಿ ಬರೆದುಕೊಡುತ್ತಾರೆ. ಇಷ್ಟೂ ಇಲ್ಲದೆ ಮಾಡುವ ಇಂಧನ ನೀತಿ ಕಣ್ಣುಕಟ್ಟಿ ಒಲೆ ಊದಿದಂತೆ.

ಈ ಊರಿನಲ್ಲಿ ನೂತನ ಅನುಭವ ಮಂಟಪಕ್ಕೆ 2021ರ ಜನವರಿ 6ರಂದು ಶಂಕುಸ್ಥಾಪನೆಯಾಯಿತು. ಅಲ್ಲಿ ನಾಳೆ ಸಾವಿರಾರು ಜನರಿಗೆ ದಾಸೋಹ ನಡೆದರೆ ಅದರ ಅಡುಗೆಮನೆ ಬಿಸಿಲಿನಲ್ಲಿ ನಡೆಯುವಂತಿರಲಿ ಎಂದು ಹೊಣೆ ಹೊತ್ತವರಲ್ಲಿ ಕೈಮುಗಿದು ಕೇಳುತ್ತೇನೆ. ನಗರಸಭೆ, ಪುರಸಭೆಯ ಸದಸ್ಯರಲ್ಲಿ ಇನ್ನೊಂದು ಬೇಡಿಕೆ. ಈ ಎರಡು ತಾಲೂಕುಗಳ ಸರ್ಕಾರಿ ಹಾಸ್ಟೆಲುಗಳಲ್ಲಿ ಬೆಳಗಿನ ಚಳಿಯಲ್ಲಿ ತಣ್ಣೀರು ಸುರಿದುಕೊಂಡು ಶಾಲೆಗೆ ಓಡುವ ಮಕ್ಕಳಿದ್ದಾರೆ. ಮೊದಲ ಸೋಲಾರ್ ಹಂಡೆ ಅವರ ಚಾವಣಿಗೆ ಏರಲಿ. ಮುಂದಿನ ಬಜೆಟ್ ಸಭೆಯ ಕಾರ್ಯಸೂಚಿಯಲ್ಲಿ ಅದಕ್ಕೊಂದು ಸಾಲು ಬರೆಯಿರಿ.